ಬೆಳೆ ಸಾಲ ‘ರೀಸ್ಟ್ರಕ್ಚರ್’ ಆಗಿದೆಯಂತೆ: ಅಪ್ಪನಿಗೆ ಏನೆಂದು ಹೇಳಲಿ?

ಪ್ರಶ್ನೆ, ತೀರ್ಥಹಳ್ಳಿ ತಾಲ್ಲೂಕಿನಿಂದ:

ಅಪ್ಪ ಅಡಿಕೆ ತೋಟಕ್ಕೆಂದು ಬ್ಯಾಂಕಿನಲ್ಲಿ ಬೆಳೆ ಸಾಲ ತೆಗೆದಿದ್ದರು. ಕಳೆದ ಮಳೆಗಾಲದಲ್ಲಿ ಬೋರ್ಡೋ ಔಷಧಿ ಹೊಡೆಯಲೂ ಬಿಡುವು ಕೊಡದಂತೆ ಮಳೆ ಸುರಿದು, ಕೊಳೆ ರೋಗ ಬಂದು ಫಸಲು ನೆಲಕಚ್ಚಿತು. ಈಗ ಬ್ಯಾಂಕಿನಿಂದ ಇಂಗ್ಲಿಷ್ ಪತ್ರ ಬಂದಿದೆ. ಸಾಲವನ್ನು ‘ರೀಸ್ಟ್ರಕ್ಚರ್’ ಮಾಡಲಾಗಿದೆ ಎಂದು ಅದರಲ್ಲಿದೆ. ನಿಘಂಟಿನಲ್ಲಿ ನೋಡಿದರೆ ‘ಪುನರ್ರಚಿಸು’ ಎಂದಷ್ಟೇ ಇದೆ. ಅಪ್ಪ ಮನ್ನಾ ಆಯಿತೆಂದು ನೆಮ್ಮದಿಯಿಂದಿದ್ದಾರೆ, ನನಗೆ ನಂಬಿಕೆ ಬರುತ್ತಿಲ್ಲ. ಈ ಪದವನ್ನು ಯಾವ ಅರ್ಥದಲ್ಲಿ ಬಳಸುತ್ತಾರೆ? ನಾನು ಏನೆಂದು ಉತ್ತರ ಬರೆಯಬೇಕು? ಅನುಭವವಿರುವ ಹಿರಿಯರು ತಿಳಿಸಿ.

ಶಿವಮೊಗ್ಗದ ನಿವೃತ್ತ ಬ್ಯಾಂಕ್ ಅಧಿಕಾರಿ:

ನೋಡಮ್ಮಾ, ಇದು ಮನ್ನಾ ಅಲ್ಲ. ಇವತ್ತೇ ಅಪ್ಪನಿಗೆ ಬಿಡಿಸಿ ಹೇಳಿಬಿಡಿ. ಬೆಳೆ ಸಾಲದ ಮಟ್ಟಿಗೆ ಈ ಮಾತಿನ ಅರ್ಥ, ಅಸಲು ಹಾಗೆಯೇ ಉಳಿದು ತೀರಿಸುವ ಷರತ್ತುಗಳು ಬದಲಾಗಿವೆ ಎಂದು. ಒಂದೇ ಸಲ ಕಟ್ಟಬೇಕಾಗಿದ್ದ ಸಾಲ ಅವಧಿ ಸಾಲವಾಗಿ, ವರ್ಷಗಳ ಕಂತುಗಳಾಗಿ ಹಂಚಿಹೋಗಿರುತ್ತದೆ.

ಪ್ರಕೃತಿ ವಿಕೋಪಕ್ಕೆ ಸಿಕ್ಕಿದ ರೈತರ ಸಾಲದ ಬಗ್ಗೆ ರಿಸರ್ವ್ ಬ್ಯಾಂಕ್ 2018ರಲ್ಲಿ ಹೊರಡಿಸಿದ ನಿರ್ದೇಶನದ ಲೆಕ್ಕ ಹೀಗಿತ್ತು: ಬೆಳೆ ಹಾನಿ ಶೇ. 33ರಿಂದ 50ರೊಳಗಿದ್ದರೆ ತೀರಿಸಲು ಗರಿಷ್ಠ 2 ವರ್ಷ, ಶೇ. 50 ಅಥವಾ ಹೆಚ್ಚಿದ್ದರೆ ಗರಿಷ್ಠ 5 ವರ್ಷ. ಕಂತು ಕಟ್ಟಬೇಕಿಲ್ಲದ ಮೊದಲ ಒಂದು ವರ್ಷವೂ ಈ ಅವಧಿಯೊಳಗೇ ಸೇರುತ್ತಿತ್ತು. ಇಂತಹ ಸಾಲಕ್ಕೆ ಹೆಚ್ಚುವರಿ ಭದ್ರತೆ ಕೇಳಬಾರದೆಂದೂ ಅದರಲ್ಲಿತ್ತು. ಯಾರಾದರೂ ಇನ್ನೊಂದು ಪಹಣಿ ತಂದು ಕೊಡಿ ಎಂದರೆ ಈಗಿನ ನಿಯಮ ಏನೆಂದು ಕೇಳಿ.

ನಮ್ಮ ಕಡೆಯ ರೈತರು ಹೆಚ್ಚಾಗಿ ಪೆಟ್ಟು ತಿನ್ನುವುದು ಆ ಮೊದಲ ವರ್ಷದ ವಿಷಯದಲ್ಲಿ. ಕಂತು ನಿಂತಿರುತ್ತದೆ, ಬಡ್ಡಿ ನಿಲ್ಲುವುದಿಲ್ಲ. 2 ಲಕ್ಷ ರೂಪಾಯಿ ಸಾಲಕ್ಕೆ ಶೇ. 9ರ ದರ ಹಿಡಿದರೆ, ಏನನ್ನೂ ಕಟ್ಟದ ವರ್ಷಕ್ಕೇ 18,000 ರೂಪಾಯಿ ಬಡ್ಡಿ ಏರಿರುತ್ತದೆ. ಬಡ್ಡಿ ರಿಯಾಯಿತಿಯೂ ಸಾಮಾನ್ಯವಾಗಿ ಮೊದಲ ವರ್ಷಕ್ಕೆ ಮಾತ್ರ, ಎರಡನೆಯ ವರ್ಷದಿಂದ ಮಾಮೂಲಿ ದರ. ಆದ್ದರಿಂದ ಶಾಖೆಗೆ ಹೋಗಿ ಹೊಸ ಮರುಪಾವತಿ ಪಟ್ಟಿಯನ್ನು ಕೇಳಿ ಪಡೆಯಿರಿ. ಮೊದಲ ಕಂತು ಯಾವ ತಾರೀಖಿಗೆ, ಬಡ್ಡಿ ದರ ಎಷ್ಟು, ಈವರೆಗಿನ ಬಡ್ಡಿಯನ್ನು ಅಸಲಿಗೆ ಸೇರಿಸಿದ್ದಾರೆಯೇ ಎಂಬುದನ್ನು ಅದರಲ್ಲೇ ನೋಡಬೇಕು. ಬಾಯಿಮಾತಿನ ಉತ್ತರಕ್ಕೆ ಒಪ್ಪಿಕೊಂಡು ಬರಬೇಡಿ.

ಸಾಗರದ ಇಂಗ್ಲಿಷ್ ಉಪನ್ಯಾಸಕಿ:

ಸಾಲದ ವಿಷಯವನ್ನು ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನಾನು ಬಳಕೆಯ ಬಗ್ಗೆ ಬರೆಯುತ್ತೇನೆ. ಇದು ಸಕರ್ಮಕ ಕ್ರಿಯಾಪದ. ಸಾಲವನ್ನು, ಕಂಪನಿಯನ್ನು, ಇಲಾಖೆಯನ್ನು, ಪಠ್ಯಕ್ರಮವನ್ನು ‘ರೀಸ್ಟ್ರಕ್ಚರ್’ ಮಾಡುತ್ತಾರೆ, ಮನುಷ್ಯರನ್ನು ಮಾಡುವುದಿಲ್ಲ. ವಸ್ತು ಅದೇ ಇದ್ದು ಅದರ ಒಳಗಿನ ಕಟ್ಟು ಬದಲಾದಾಗ ಈ ಪದ ಬರುತ್ತದೆ. ಬರೀ ತಾರೀಖು ಮುಂದಕ್ಕೆ ಹೋದರೆ ‘ರೀಶೆಡ್ಯೂಲ್’ ಸಾಕು. ಶಾಲಾಭಿವೃದ್ಧಿ ಸಮಿತಿಗೆ ಹೊಸ ಸದಸ್ಯರು ಬಂದರೆ ‘ರೀಕಾನ್‌ಸ್ಟಿಟ್ಯೂಟ್’. ಹಾಲಿನ ಪುಡಿಗೆ ನೀರು ಬೆರೆಸಿ ಮತ್ತೆ ಹಾಲು ಮಾಡುವುದಕ್ಕೂ ಇದೇ ಪದ. 1956ರಲ್ಲಿ ರಾಜ್ಯಗಳ ಗಡಿಗಳನ್ನು ಬದಲಿಸಿದ ಕಾಯ್ದೆಯ ಹೆಸರಿನಲ್ಲಿರುವುದು ‘ರೀಆರ್ಗನೈಸೇಶನ್’, ಅದನ್ನು ಕನ್ನಡದಲ್ಲಿ ಪುನರ್ವಿಂಗಡಣೆ ಎಂದೆವು.

ನಿಮ್ಮ ಪತ್ರದಲ್ಲಿ ‘ಮಾಡಲಾಗಿದೆ’ ಎಂದಿದೆಯಲ್ಲ, ಅಲ್ಲಿ ಕರ್ತೃವೇ ಇಲ್ಲ. ಕಚೇರಿಯ ಭಾಷೆಗೆ ಇದು ಬಹಳ ಪ್ರಿಯ, ನನಗೆ ಇದರ ಮೇಲೆ ಸಿಟ್ಟಿದೆ. ಯಾರ ಅರ್ಜಿಯ ಮೇಲೆ, ಯಾವ ದಿನ, ಯಾವ ಆದೇಶದಂತೆ ಎಂದು ಕೇಳಿ. ಉತ್ತರವನ್ನು ಕನ್ನಡದಲ್ಲೇ ಬರೆಯಿರಿ: ‘ನನ್ನ ಸಾಲದ ಅವಧಿ, ಬಡ್ಡಿ ಮತ್ತು ಕಂತುಗಳಲ್ಲಿ ಆಗಿರುವ ಬದಲಾವಣೆಯ ವಿವರವನ್ನು ಲಿಖಿತವಾಗಿ ಕೊಡಬೇಕೆಂದು ಕೋರುತ್ತೇನೆ.’ ಇಷ್ಟು ಬರೆದರೆ ಆ ಇಂಗ್ಲಿಷ್ ಪದದ ಹಂಗೇ ಬೇಕಿಲ್ಲ.

ಕೊಪ್ಪದಿಂದ ಒಬ್ಬರು:

ತಂಗೀ, ಬೆಂಗಳೂರಿನ ಒಂದು ಕಂಪನಿಯಲ್ಲಿ ನಾನಿದ್ದಾಗ ‘ತಂಡವನ್ನು ರೀಸ್ಟ್ರಕ್ಚರ್ ಮಾಡುತ್ತಿದ್ದೇವೆ’ ಎಂಬ ಇಮೇಲ್ ಬಂತು. ಓದಿದವರಲ್ಲಿ ಅರ್ಧ ಜನರಿಗೆ ಅದು ಬಡ್ತಿಯ ಸುದ್ದಿಯಂತೆ ಕಂಡಿತು. ತಿಂಗಳೊಳಗೆ ನನ್ನ ಹುದ್ದೆಯೇ ಇರಲಿಲ್ಲ. ಅಂತಹ ಇಮೇಲ್ ಬಂದವರು ಕೊನೆಯ ಕೆಲಸದ ದಿನ, ಬಾಕಿ ಸಂಬಳ, ಗ್ರಾಚ್ಯುಟಿ ಇವುಗಳನ್ನು ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ನಮಸ್ಕಾರ. ಅಪ್ಪನನ್ನು ಕರೆದುಕೊಂಡೇ ಶಾಖೆಗೆ ಹೋಗಿದ್ದೆ. ಪಟ್ಟಿ ಕೊಟ್ಟರು. ಅವಧಿ 5 ವರ್ಷ, ಈವರೆಗಿನ ಬಡ್ಡಿಯನ್ನು ಅಸಲಿಗೇ ಸೇರಿಸಿದ್ದಾರೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಮನೆಯಲ್ಲಿರುವ ಹಳೆ ಅಡಿಕೆ ಕೊಟ್ಟು ಈಗಲೇ ಒಂದಿಷ್ಟು ಕಟ್ಟೋಣ ಎಂದರು. ಹಾಗೆ ಮಾಡಬಹುದೇ?

ಶಿವಮೊಗ್ಗದ ನಿವೃತ್ತ ಅಧಿಕಾರಿ:

ಒಳ್ಳೆಯ ಯೋಚನೆಯಮ್ಮಾ. ಮೊದಲು ಕರಾರಿನಲ್ಲಿ ಮುಂಗಡ ಪಾವತಿಯ ಷರತ್ತು ಓದಿ. ಹಣ ಕಟ್ಟುವಾಗ ಎಷ್ಟು ಬಡ್ಡಿಗೆ, ಎಷ್ಟು ಅಸಲಿಗೆ ಹೋಯಿತೆಂದು ಕೇಳಿ, ಅಲ್ಲೇ ಪಾಸ್‌ಬುಕ್‌ನಲ್ಲಿ ನಮೂದಿಸಿಕೊಂಡು ಬನ್ನಿ. ಮನೆ ಖರ್ಚಿಗೆ, ಈ ವರ್ಷದ ಔಷಧಿ ಹೊಡೆಯುವ ಕೂಲಿಗೆ ಬೇಕಾದಷ್ಟನ್ನು ಮಾತ್ರ ತೆಗೆದಿಟ್ಟುಕೊಳ್ಳಿ.