‘ಡೌಟ್’ ಮತ್ತು ‘ಸಸ್ಪೆಕ್ಟ್’: ನಮ್ಮ ಅನುಮಾನಕ್ಕೆ ಇಂಗ್ಲಿಷ್‌ನಲ್ಲಿ ಯಾವ ಪದ?

ಸಂಜೆಮಲ್ಲಿಗೆ:
ಕಚೇರಿಯಲ್ಲಿ ದಿನವೂ ಇಂಗ್ಲಿಷ್ ಪತ್ರಗಳನ್ನು ಬರೆಯುವ ನನಗೆ ಕಳೆದ ವಾರ ಒಂದು ಪದದಿಂದ ದೊಡ್ಡ ತೊಡಕಾಯಿತು. ಗ್ರಾಹಕರೊಬ್ಬರ ಕೆಲವು ಕಡತಗಳು ಅಳಿಸಿಹೋಗಿದ್ದವು. ತಪ್ಪು ನಮ್ಮಿಂದಲೇ ಆಗಿರಬಹುದೆಂಬ ಅನುಮಾನವನ್ನು ಮುಚ್ಚಿಡದೆ ಹೇಳಬೇಕೆಂದು ‘ವಿ ಡೌಟ್ ದಟ್ ದಿ ಎರರ್ ವಾಸ್ ಅವರ್ಸ್’ ಎಂದು ಬರೆದೆ. ವಿಚಾರಣೆಯನ್ನೇ ಮಾಡದೆ ತಪ್ಪು ನಮ್ಮದಲ್ಲವೆಂದು ಹೇಗೆ ಹೇಳುತ್ತೀರಿ ಎಂದು ಅವರು ಸಿಟ್ಟಿನಿಂದ ಉತ್ತರಿಸಿದರು. ತಪ್ಪೊಪ್ಪಿಕೊಳ್ಳಲು ಬರೆದ ಮಾತು ಜಾರಿಕೊಳ್ಳುವ ಮಾತಾಗಿ ಅವರನ್ನು ತಲುಪಿತ್ತು. ನನ್ನ ಬಳಿ ಇರುವ ನಿಘಂಟಿನಲ್ಲಿ ‘ಡೌಟ್’ ಎಂಬುದಕ್ಕೂ ‘ಸಸ್ಪೆಕ್ಟ್’ ಎಂಬುದಕ್ಕೂ ಸಂದೇಹಪಡು, ಅನುಮಾನಿಸು, ಶಂಕಿಸು ಎಂದೇ ಅರ್ಥ ಕೊಟ್ಟಿದೆ. ಹಾಗಿದ್ದರೆ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುವುದು ಹೇಗೆ?

ಪದವಿಹಾರಿ:
ಸಂಜೆಮಲ್ಲಿಗೆ ಅವರೇ, ಈ ಎರಡು ಪದಗಳು ಒಂದೇ ಅನಿಶ್ಚಯದ ಎರಡು ದಿಕ್ಕುಗಳನ್ನು ತೋರಿಸುತ್ತವೆ. ‘ಡೌಟ್ ದಟ್’ ಎಂದಾಗ ಮುಂದೆ ಬರುವ ಸಂಗತಿ ನಿಜವಲ್ಲವೆಂದು ಮನಸ್ಸು ವಾಲಿದೆ. ‘ಸಸ್ಪೆಕ್ಟ್ ದಟ್’ ಎಂದಾಗ ಅದು ನಿಜವೇ ಇರಬೇಕೆಂದು ವಾಲಿದೆ. ಕನ್ನಡದಲ್ಲಿಯೂ ಈ ಭೇದ ಇದೆ, ಆದರೆ ನಾವು ಅದನ್ನು ಪದದಲ್ಲಿ ಇರಿಸದೆ ವಾಕ್ಯದ ಕಟ್ಟಿನಲ್ಲಿ ಇರಿಸಿದ್ದೇವೆ. ‘ಅವನು ಬರುವುದು ಅನುಮಾನ’ ಎಂದರೆ ಬಹುಶಃ ಬರಲಾರ ಎಂದರ್ಥ. ‘ಅವನೇ ಬಂದಿರಬೇಕೆಂದು ನನ್ನ ಅನುಮಾನ’ ಎಂದರೆ ಬಹುಶಃ ಬಂದಿದ್ದಾನೆ ಎಂದರ್ಥ. ಅನುಮಾನ ಎಂಬ ಪದ ಎರಡರಲ್ಲಿಯೂ ಇದೆ, ಆದರೂ ಯಾವ ಕನ್ನಡಿಗರೂ ತಪ್ಪು ತಿಳಿಯುವುದಿಲ್ಲ. ವಾಕ್ಯದ ಈ ಕಟ್ಟನ್ನು ಬಿಟ್ಟು ಪದವನ್ನು ಮಾತ್ರ ಇಂಗ್ಲಿಷ್‌ಗೆ ಒಯ್ದದ್ದರಿಂದ ನಿಮ್ಮ ಪತ್ರ ತಿರುಗುಮುರುಗಾಯಿತು.

ಹಳೆಗರಿ:
ಪದವಿಹಾರಿಯವರ ವಿವರಣೆ ಸರಿಯಾಗಿದೆ, ಆದರೆ ನೆನಪಿನಲ್ಲಿ ಉಳಿಯಬೇಕಾದರೆ ಮೂಲವನ್ನೂ ತಿಳಿಯಬೇಕೆಂಬುದು ನನ್ನ ಅಭಿಪ್ರಾಯ. ‘ಡೌಟ್’ ಲ್ಯಾಟಿನ್ನಿನಿಂದ ಫ್ರೆಂಚ್ ಮೂಲಕ ಬಂದ ಪದ. ಅದರ ಬೇರಿನಲ್ಲಿ ಎರಡು ಎಂಬ ಅರ್ಥವಿದೆ, ಅಂದರೆ ಮನಸ್ಸು ಎರಡಾಗುವುದು. (ಬರೆಯುವಾಗ ಅದರಲ್ಲಿ ಕಾಣುವ, ಉಚ್ಚರಿಸುವಾಗ ಕೇಳಿಸದ ‘ಬಿ’ ಅಕ್ಷರವನ್ನು ಲ್ಯಾಟಿನ್ ಮೂಲವನ್ನು ನೆನಪಿಸಲೆಂದು ಆಮೇಲೆ ಸೇರಿಸಿದ್ದು.) ‘ಸಸ್ಪೆಕ್ಟ್’ ಕೂಡ ಲ್ಯಾಟಿನ್ ಮೂಲದ್ದೇ, ಕೆಳಗಿನಿಂದ ಮೇಲಕ್ಕೆ ನೋಡುವುದು, ಓರೆಗಣ್ಣಿನಿಂದ ಗಮನಿಸುವುದು ಎಂಬುದು ಅದರ ಹಿಂದಿನ ಚಿತ್ರ. ಒಂದರಲ್ಲಿ ಮನಸ್ಸು ಹಿಂಜರಿಯುತ್ತದೆ, ಇನ್ನೊಂದರಲ್ಲಿ ಕಣ್ಣು ಏನನ್ನೋ ಪತ್ತೆಹಚ್ಚುತ್ತದೆ. ಈ ಚಿತ್ರಗಳನ್ನು ನೆನಪಿಟ್ಟುಕೊಂಡವರು ಪದ ತಪ್ಪುವ ಸಂಭವ ಬಹಳ ಕಡಿಮೆ.

ಅಲೆಮಾರಿ:
ಹಳೆಗರಿಯವರ ಓದಿನ ಬಗ್ಗೆ ನನಗೆ ಗೌರವವಿದೆ, ಆದರೂ ಈ ದಾರಿಯನ್ನು ನಾನು ಒಪ್ಪಲಾರೆ. ಸ್ಕಾಟ್ಲೆಂಡಿನ ಮಾತಿನಲ್ಲಿ ‘ಐ ಡೌಟ್ ಇಟ್ ವಿಲ್ ರೇನ್’ ಎಂದರೆ ಮಳೆ ಬರಬಹುದು ಎಂದೇ ಅರ್ಥ. ಬೇರು ಒಂದೇ ಆಗಿದ್ದರೂ ದಿಕ್ಕು ಪೂರ್ತಿ ವಿರುದ್ಧವಾಗಿದೆಯಲ್ಲವೇ?

ಇನ್ನೊಂದು ಉದಾಹರಣೆಯನ್ನು ನೋಡಿ. ‘ಶೇಡ್’ ಮತ್ತು ‘ಶ್ಯಾಡೋ’ ಎರಡೂ ಹಳೆಯ ಇಂಗ್ಲಿಷ್‌ನ ಒಂದೇ ನಾಮಪದದಿಂದ ಬಂದವು. ಅದರ ಬೇರೆ ಬೇರೆ ವಿಭಕ್ತಿರೂಪಗಳು ಕಾಲಕ್ರಮದಲ್ಲಿ ಎರಡು ಪದಗಳಾಗಿ ಒಡೆದವು. ಕನ್ನಡದಲ್ಲಿ ಎರಡಕ್ಕೂ ನೆರಳು ಎಂದೇ ಹೇಳುತ್ತೇವೆ. ಆದರೆ ಮರದ ಕೆಳಗೆ ಬಿಸಿಲಿನಿಂದ ತಪ್ಪಿಸಿಕೊಂಡು ಕೂರುವ ನೆರಳು ‘ಶೇಡ್’; ಸಂಜೆ ಗೋಡೆಯ ಮೇಲೆ ನೀಳವಾಗಿ ಬೀಳುವ, ಕೈ ಎತ್ತಿದರೆ ತಾನೂ ಕೈ ಎತ್ತುವ ನೆರಳು ‘ಶ್ಯಾಡೋ’. ಆಕಾರವಿರುವ ನೆರಳು ಒಂದು, ತಂಪು ಕೊಡುವ ನೆರಳು ಇನ್ನೊಂದು. ಈ ಭೇದವನ್ನು ಬೇರು ಹೇಳಿಕೊಡುವುದಿಲ್ಲ, ಬಳಕೆ ಮಾತ್ರ ಹೇಳಿಕೊಡುತ್ತದೆ.

ಪದವನ್ನು ಅದರ ಒಡನಾಡಿಗಳಿಂದ ಗುರುತಿಸಬೇಕೆಂದು ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1957ರಲ್ಲಿ ಬರೆದರು. ಮಳೆಗೆ ‘ಹೆವಿ’, ಗಾಳಿಗೆ ‘ಸ್ಟ್ರಾಂಗ್’ ಎಂದು ಏಕೆ ಹೇಳಬೇಕೆಂಬುದಕ್ಕೆ ತರ್ಕವಿಲ್ಲ, ರೂಢಿಯಿದೆ. ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಎಂಬ ಪಠ್ಯಸಂಗ್ರಹದಲ್ಲಿ ಸುಮಾರು 10 ಕೋಟಿ ಪದಗಳಿವೆ; ಅಂಥ ಸಂಗ್ರಹದಲ್ಲಿ ಒಂದು ಪದವನ್ನು ಹುಡುಕಿ, ಅದರ ಹಿಂದೆ ಮುಂದೆ ಏನು ಬಂದಿದೆ ಎಂದು ಇಪ್ಪತ್ತು ವಾಕ್ಯಗಳಲ್ಲಿ ನೋಡಿದರೆ ನಿಘಂಟಿನ ಸಾಲಿಗಿಂತ ಹೆಚ್ಚು ತಿಳಿಯುತ್ತದೆ.

ಹಳೆಗರಿ:
ಸ್ಕಾಟ್ಲೆಂಡಿನ ಬಳಕೆ ನನ್ನ ವಾದವನ್ನು ಸಡಿಲಗೊಳಿಸುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೂ ಮಾತಿನ ಧಾಟಿಯ ವಿಷಯದಲ್ಲಿ ಮೂಲ ಉಪಯೋಗಕ್ಕೆ ಬರುತ್ತದೆ. 1066ರಲ್ಲಿ ಫ್ರಾನ್ಸಿನಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ ಆಳುವವರ ಫ್ರೆಂಚ್ ಪದಗಳು ಇಂಗ್ಲಿಷ್‌ನೊಳಗೆ ಬಂದವು, ವಿದ್ವಾಂಸರ ಲ್ಯಾಟಿನ್ ಪದಗಳೂ ಸೇರಿಕೊಂಡವು. ಅದರಿಂದಲೇ ವಿಚಾರಿಸುವುದಕ್ಕೆ ಇಂಗ್ಲಿಷ್‌ನದೇ ಆದ ‘ಆಸ್ಕ್’, ಫ್ರೆಂಚಿನ ‘ಕ್ವೆಶ್ಚನ್’, ಲ್ಯಾಟಿನ್ನಿನ ‘ಇಂಟರಾಗೇಟ್’ ಎಂಬ ಮೂರು ಮೆಟ್ಟಿಲುಗಳು ಉಂಟಾದವು. ಸ್ನೇಹಿತರನ್ನು ಯಾರೂ ‘ಇಂಟರಾಗೇಟ್’ ಮಾಡುವುದಿಲ್ಲ. ಅದು ಪೊಲೀಸರ ಕೆಲಸ.

ಅಲೆಮಾರಿ:
ಮೆಟ್ಟಿಲುಗಳು ಇರುವುದು ನಿಜ, ಆದರೆ ಅವನ್ನು ಏರುವಾಗ ಮೂಲವನ್ನು ನಂಬಬಾರದು. ‘ಯೂಸ್’, ‘ಟ್ರೈ’, ‘ವೆರಿ’ ಎಲ್ಲವೂ ಫ್ರೆಂಚ್ ಮೂಲಕ ಬಂದವೇ. ಅವುಗಳಿಗಿಂತ ಸರಳವಾದ ಪದಗಳು ಯಾವುವು?

ಕರಿಹಲಗೆ:
ನಾನು ಇಂಗ್ಲಿಷ್ ಕಲಿಸುವವಳು. ತರಗತಿಯಲ್ಲಿ ದಿನವೂ ಕೇಳುವ ‘ಮೇಡಂ, ಐ ಹ್ಯಾವ್ ಎ ಡೌಟ್’ ಎಂಬ ವಾಕ್ಯವನ್ನು ಇಲ್ಲಿ ಯಾರೂ ಎತ್ತಲಿಲ್ಲ. ನಮ್ಮ ದೇಶದ ಇಂಗ್ಲಿಷ್‌ನಲ್ಲಿ ಇದು ‘ನನಗೊಂದು ಪ್ರಶ್ನೆಯಿದೆ’ ಎಂಬ ಅರ್ಥದಲ್ಲಿ ನೆಲೆಯೂರಿದೆ, ಇದನ್ನು ತಪ್ಪೆಂದು ಕೆಂಪು ಶಾಯಿಯಿಂದ ಹೊಡೆದುಹಾಕಲು ನನಗೆ ಮನಸ್ಸಿಲ್ಲ. ಆದರೆ ಹೊರದೇಶದ ಕೇಳುಗರಿಗೆ ‘ನೀವು ಹೇಳಿದ್ದು ನನಗೆ ನಂಬಿಕೆಯಾಗಿಲ್ಲ’ ಎಂದು ಕೇಳಿಸಬಹುದೆಂದು ಮಕ್ಕಳಿಗೆ ಹೇಳಿಕೊಡುತ್ತೇನೆ.

ಸಂಜೆಮಲ್ಲಿಗೆ ಅವರ ತೊಂದರೆಯ ಬೇರು ನಾವು ಪದಗಳನ್ನು ಕಲಿಸುವ ಕ್ರಮದಲ್ಲಿಯೇ ಇದೆ ಎಂದು ನನಗೆ ಅನ್ನಿಸುತ್ತದೆ. ಎಡಗಡೆ ಇಂಗ್ಲಿಷ್ ಪದ, ನಡುವೆ ಒಂದು ಗೆರೆ, ಬಲಗಡೆ ಕನ್ನಡದ ಅರ್ಥ ಎಂದು ನಾನೂ ವರ್ಷಗಟ್ಟಲೆ ಬರೆಸಿದ್ದೇನೆ. ಆ ಪುಟದಲ್ಲಿ ‘ಹಿಯರ್’, ‘ಲಿಸನ್’, ‘ಆಸ್ಕ್’ ಮೂರಕ್ಕೂ ಎದುರಾಗಿ ‘ಕೇಳು’ ಎಂದೇ ಇರುತ್ತದೆ. ಶಬ್ದ ತಾನಾಗಿ ಕಿವಿಗೆ ಬೀಳುವುದು, ಗಮನವಿಟ್ಟು ಆಲಿಸುವುದು, ಪ್ರಶ್ನೆ ಹಾಕುವುದು ಮೂರೂ ಒಂದೇ ಆಗಿಬಿಡುತ್ತವೆ. ಈಗ ಆ ಗೆರೆಯ ಕ್ರಮವನ್ನು ಬಿಟ್ಟು, ಪ್ರತಿ ಪದಕ್ಕೂ ಒಂದು ಪೂರ್ತಿ ವಾಕ್ಯವನ್ನೇ ಬರೆಸುತ್ತಿದ್ದೇನೆ. ಕೆಲಸ ನಿಧಾನವಾಗುತ್ತದೆ, ವಾರಕ್ಕೆ ಕಲಿಯುವ ಪದಗಳ ಸಂಖ್ಯೆಯೂ ತಗ್ಗುತ್ತದೆ. ಆದರೆ ಕಲಿತ ಪದ ತನ್ನ ಜಾಗದಲ್ಲಿ ನಿಲ್ಲುತ್ತದೆ.

ಸಂಜೆಮಲ್ಲಿಗೆ:
ಎಲ್ಲರಿಗೂ ಧನ್ಯವಾದಗಳು. ‘ವಿ ಸಸ್ಪೆಕ್ಟ್ ದಟ್ ದಿ ಎರರ್ ವಾಸ್ ಅವರ್ಸ್’ ಎಂದು ತಿದ್ದಿ ಕಳುಹಿಸಬಹುದೇ? ‘ಸಸ್ಪೆಕ್ಟ್’ ಎಂದರೆ ಅಪರಾಧದ ವಾಸನೆ ಬರುವುದಿಲ್ಲವೇ ಎಂಬ ಅಳುಕಿದೆ.

ಪದವಿಹಾರಿ:
ವ್ಯಾಕರಣದ ದೃಷ್ಟಿಯಿಂದ ನಿಮ್ಮ ವಾಕ್ಯ ಸರಿಯಾಗಿದೆ, ಅಳುಕೂ ಸಕಾರಣವಾಗಿಯೇ ಇದೆ. ವ್ಯಕ್ತಿಯನ್ನು ‘ಸಸ್ಪೆಕ್ಟ್’ ಮಾಡಿದರೆ ಅಪರಾಧದ ಛಾಯೆ ಬರುತ್ತದೆ. ‘ಸಸ್ಪೆಕ್ಟ್ ದಟ್’ ಎಂದು ಸಂಗತಿಯೊಂದನ್ನು ಊಹಿಸುವಾಗ ಆ ಛಾಯೆ ಬಹುಮಟ್ಟಿಗೆ ಇರುವುದಿಲ್ಲ. ಆದರೆ ಗ್ರಾಹಕರು ಈಗಾಗಲೇ ನೊಂದಿರುವುದರಿಂದ ಊಹೆಯ ಪದಕ್ಕಿಂತ ಹೊಣೆ ಹೊರುವ ಪದ ಲೇಸು. ‘ವಿ ಬಿಲೀವ್ ದಿ ಎರರ್ ವಾಸ್ ಅವರ್ಸ್, ಅಂಡ್ ವಿ ಆರ್ ಚೆಕಿಂಗ್’ ಎಂದು ಬರೆಯಿರಿ. ಮೊದಲ ಪತ್ರದಲ್ಲಿ ಪದ ತಪ್ಪಿದ್ದನ್ನೂ ಅದರ ಕೆಳಗೆ ಒಂದು ಸಾಲಿನಲ್ಲಿ ತಿಳಿಸಿ.