ಹಳೆಯ ಪದ್ಮಿನಿಯ ಬಿಡಿಭಾಗಗಳಿಗೆ ಮನೆಯಲ್ಲೇ ಬ್ಲಾಸ್ಟಿಂಗ್ ಪೆಟ್ಟಿಗೆ: 2 ಎಚ್‌ಪಿ ಕಂಪ್ರೆಸರ್ ಸಾಕಾದೀತೇ?

ಪ್ರಶ್ನೆ: ಪದ್ಮಿನಿಪ್ರಿಯ (ಕ್ಯಾತ್ಸಂದ್ರ, ತುಮಕೂರು)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು 1986ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಕಾರು ಹನ್ನೊಂದು ವರ್ಷಗಳಿಂದ ಮನೆಯ ಹಿಂದಿನ ಶೆಡ್ಡಿನಲ್ಲಿ ನಿಂತಿತ್ತು. ಈ ಯುಗಾದಿ ಕಳೆದ ಮೇಲೆ ಅದನ್ನು ಪೂರ್ತಿ ಬಿಚ್ಚಿ, ಒಂದೊಂದೇ ಭಾಗವನ್ನು ಸರಿಪಡಿಸುವ ಕೆಲಸಕ್ಕೆ ಕೈ ಹಾಕಿದ್ದೇನೆ. ರಿಮ್‌ಗಳು, ಮುಂದಿನ ಸಸ್ಪೆನ್ಷನ್ ಆರ್ಮ್‌ಗಳು, ಬ್ಯಾಟರಿ ಟ್ರೇ, ನಲವತ್ತಕ್ಕೂ ಹೆಚ್ಚು ಸಣ್ಣ ಬ್ರಾಕೆಟ್‌ಗಳು ಎಲ್ಲಕ್ಕೂ ತುಕ್ಕು ಹಿಡಿದಿದೆ. ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಉಜ್ಜಿದರೆ ಮೇಲ್ಮೈ ಹೊಳೆಯುತ್ತದೆ, ಆದರೆ ಗುಳಿಗಳೊಳಗಿನ ತುಕ್ಕು ಹಾಗೆಯೇ ಉಳಿಯುತ್ತದೆ. ವೆಲ್ಡಿಂಗ್ ಮೂಲೆಗಳಿಗಂತೂ ಬ್ರಷ್ ಹೋಗುವುದೇ ಇಲ್ಲ.

ಹೊರಗೆ ಮಾಡಿಸಿದ ಅನುಭವ ಚೆನ್ನಾಗಿರಲಿಲ್ಲ. ಬಾನೆಟ್ಟನ್ನು ಒಂದು ಬ್ಲಾಸ್ಟಿಂಗ್ ಘಟಕಕ್ಕೆ, ಅಂದರೆ ಗಾಳಿಯ ಒತ್ತಡದಿಂದ ಒರಟು ಪುಡಿ ಚಿಮ್ಮಿಸಿ ತುಕ್ಕು ತೆಗೆಯುವವರಿಗೆ, ಕೊಟ್ಟಿದ್ದೆ. ಸೇತುವೆಯ ಗರ್ಡರಿಗೆ ಹೊಡೆಯುವ ಒತ್ತಡದಲ್ಲೇ ಅದಕ್ಕೂ ಹೊಡೆದರೆಂದು ತೋರುತ್ತದೆ. ಮರಳಿ ಬಂದಾಗ ಅದು ಹಪ್ಪಳದಂತೆ ಅಲೆಅಲೆಯಾಗಿತ್ತು. ಆದ್ದರಿಂದ ಕೈ ಮಾತ್ರ ಒಳಗಿಟ್ಟು ಈ ಕೆಲಸ ಮಾಡುವಂತಹ ಒಂದು ಮುಚ್ಚಿದ ಪೆಟ್ಟಿಗೆಯನ್ನು ಮನೆಯಲ್ಲೇ ಕಟ್ಟಿಕೊಳ್ಳಬೇಕೆಂದು ನಿರ್ಧರಿಸಿದ್ದೇನೆ. ನನ್ನ ಬಳಿ 2 ಎಚ್‌ಪಿ ಕಂಪ್ರೆಸರ್, 160 ಲೀಟರ್ ಟ್ಯಾಂಕ್ ಮತ್ತು 200 ಲೀಟರಿನ ಒಂದು ಖಾಲಿ ಆಯಿಲ್ ಬ್ಯಾರೆಲ್ ಇವೆ. ಬ್ಯಾರೆಲ್ಲನ್ನು ಅಡ್ಡ ಮಲಗಿಸಿ ಕತ್ತರಿಸಿ ಪೆಟ್ಟಿಗೆ ಮಾಡಬಹುದೇ, ಈ ಕಂಪ್ರೆಸರ್ ಸಾಕಾಗುತ್ತದೆಯೇ, ಮನೆ ಕಟ್ಟಿದಾಗ ಉಳಿದ ಎಂ-ಸ್ಯಾಂಡನ್ನು ಜರಡಿ ಹಿಡಿದು ಬಳಸಬಹುದೇ, ಇಂತಹ ಪೆಟ್ಟಿಗೆಯನ್ನು ಸ್ವತಃ ಕಟ್ಟಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಕಬ್ಬಿಣದ ಕೆಲಸ (ಹಿರೇಹಳ್ಳಿ, ತುಮಕೂರು)

ಸರ್, ನಾನು ಹಿರೇಹಳ್ಳಿಯಲ್ಲಿ ಫ್ಯಾಬ್ರಿಕೇಷನ್ ಕೆಲಸ ಮಾಡುವವನು. ಇಂತಹ ಎರಡು ಪೆಟ್ಟಿಗೆಗಳನ್ನು ಕಟ್ಟಿದ್ದೇನೆ. ಮೊದಲು ಬ್ಯಾರೆಲ್ಲಿನ ವಿಷಯ. ಆಯಿಲ್ ಬ್ಯಾರೆಲ್ ಖಾಲಿಯಾಗಿ ಕಂಡರೂ ಒಳಗಿನ ಜಿಡ್ಡು ಕಿಡಿಯ ಬಿಸಿಗೆ ಆವಿಯಾಗಿ ಹೊತ್ತಿಕೊಳ್ಳುತ್ತದೆ. ಹಾಗೆ ಸಿಡಿದು ಜೀವ ಹೋದ ಪ್ರಸಂಗಗಳು ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತು. ಸೋಡಾ ಪುಡಿ ಹಾಕಿ ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದು, ಕತ್ತರಿಸುವ ಗೆರೆಯ ಹತ್ತಿರದವರೆಗೂ ನೀರು ತುಂಬಿಸಿದ ಹೊರತು ಅದಕ್ಕೆ ಗ್ರೈಂಡರನ್ನಾಗಲಿ ಗ್ಯಾಸ್ ಕಟರನ್ನಾಗಲಿ ತಾಗಿಸಬೇಡಿ. ಅಷ್ಟು ಶ್ರಮಪಟ್ಟರೂ ಬ್ಯಾರೆಲ್ಲಿನ ಅಡ್ಡಳತೆ 57 ಸೆಂಟಿಮೀಟರಿನಷ್ಟೇ. ನಿಮ್ಮ 14 ಇಂಚಿನ ರಿಮ್ ಒಳಗೆ ಹೋಗುತ್ತದೆ, ಆದರೆ ಅದನ್ನು ತಿರುಗಿಸುತ್ತಾ ಪುಡಿ ಚಿಮ್ಮಿಸುವ ಗನ್ನನ್ನು ದೂರ ಹಿಡಿಯುವುದಕ್ಕೆ ಜಾಗ ಉಳಿಯುವುದಿಲ್ಲ. 18 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಮೂರಡಿ ಅಗಲ, ಎರಡಡಿ ಆಳದ ಪೆಟ್ಟಿಗೆ ಮಾಡಿ, ಒಳಗೆ ತೆಳು ಜಿಐ ತಗಡು ಹೊಡೆದು, ಸಂದುಗಳಿಗೆಲ್ಲ ಸಿಲಿಕಾನ್ ತುಂಬಿಸುವುದು ಎಲ್ಲ ದೃಷ್ಟಿಯಿಂದಲೂ ಮೇಲು. ಏಟು ನೇರವಾಗಿ ಬೀಳುವ ಹಿಂಗೋಡೆಗೆ ಹಳೆಯ ಲಾರಿ ಟ್ಯೂಬನ್ನು ಸೀಳಿ ಪರದೆಯಂತೆ ತೂಗುಬಿಡಿ. ತಗಡು ಸವೆದು ತೂತಾಗುವ ಜಾಗದಲ್ಲಿ ರಬ್ಬರು ಏಟನ್ನು ನುಂಗಿಕೊಂಡು ವರ್ಷಗಟ್ಟಲೆ ಬಾಳುತ್ತದೆ.

ಕೆಳಗಿನ ಹಾಪರನ್ನು ರಾಗಿ ಮಿಲ್ಲಿನ ಹಾಪರಿನಂತೆ ಕಡಿದಾಗಿ ಇಳಿಸಬೇಕು. ಇಳಿಜಾರು 45 ಡಿಗ್ರಿಗಿಂತ ಕಡಿಮೆಯಾದರೆ ಪುಡಿ ಪಕ್ಕಗಳಲ್ಲೇ ಕೂತುಬಿಡುತ್ತದೆ. 60 ಡಿಗ್ರಿ ಇದ್ದರೆ ತಾನಾಗಿಯೇ ಗಂಟಲಿಗೆ ಜಾರುತ್ತದೆ. ಪುಡಿಯನ್ನು ಎಳೆದುಕೊಳ್ಳುವ ಪೈಪಿನ ವಿಷಯದಲ್ಲಿ ನಾನು ಮೊದಲ ಪೆಟ್ಟಿಗೆಯಲ್ಲಿ ತಪ್ಪು ಮಾಡಿದ್ದೆ. ಪೈಪಿನ ಬಾಯಿ ಪೂರ್ತಿ ಪುಡಿಯಲ್ಲಿ ಹೂತಿದ್ದರೆ ಒಳಗೆ ಗಾಳಿ ಬಾರದೆ ಗನ್ ಬಿಕ್ಕಳಿಸುತ್ತದೆ. ಪುಡಿಯ ಮಟ್ಟಕ್ಕಿಂತ ಮೇಲೆ ಆ ಪೈಪಿಗೆ ಒಂದು ಸಣ್ಣ ತೂತು ಕೊರೆದು, ಗಾಳಿಯೂ ಪುಡಿಯೂ ಬೆರೆತು ಬರುವಂತೆ ಮಾಡಿದ ಮೇಲೆ ಧಾರೆ ಒಂದೇ ಸಮನಾಗಿ ಬಂತು.

ಇನ್ನು ಕಂಪ್ರೆಸರ್. ಪೆಟ್ಟಿಗೆಯನ್ನು ಹೇಗೆ ಬೇಕಾದರೂ ಕಟ್ಟಬಹುದು, ಕೆಲಸ ಮಾಡುವುದು ಗಾಳಿ. ಒಂದು ಎಚ್‌ಪಿಗೆ ನಿಜವಾಗಿ ಸಿಗುವುದು 3ರಿಂದ 4 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ) ಎಂದು ಲೆಕ್ಕ ಹಿಡಿಯಿರಿ. ಪ್ಲೇಟಿನ ಮೇಲೆ ಬರೆದಿರುವುದು ಸಾಮಾನ್ಯವಾಗಿ ಪಿಸ್ಟನ್ ಡಿಸ್‌ಪ್ಲೇಸ್‌ಮೆಂಟ್ (ಪಿಸ್ಟನ್ ಚಲಿಸುವ ಜಾಗದ ಲೆಕ್ಕ), ಅದು ಹೊರಬರುವ ಗಾಳಿಗಿಂತ ಯಾವಾಗಲೂ ಹೆಚ್ಚಿರುತ್ತದೆ. ಅಂದರೆ ನಿಮಗೆ ಸಿಗುವುದು 7 ಸಿಎಫ್‌ಎಂ ಆಸುಪಾಸು. ಪೇಟೆಯಲ್ಲಿ ಸಿಗುವ ಗನ್‌ಗಳ ಒಳಗಿನ ಗಾಳಿಯ ಜೆಟ್ (ಗಾಳಿ ಚಿಮ್ಮುವ ಕಿರು ನಳಿಕೆ) ಬಹುಮಟ್ಟಿಗೆ 3.2 ಮಿಲಿಮೀಟರ್ ಇರುತ್ತದೆ, ಮತ್ತು ಅಂತಹ ರಂಧ್ರ 80 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದಲ್ಲಿ 17 ಸಿಎಫ್‌ಎಂ ಕುಡಿಯುತ್ತದೆ. ನಿಮ್ಮ ಟ್ಯಾಂಕ್ 120ರಿಂದ 80 ಪಿಎಸ್‌ಐಗೆ ಇಳಿಯುವಷ್ಟರಲ್ಲಿ ಕೊಡುವ ಗಾಳಿ ಸುಮಾರು 15 ಘನ ಅಡಿ ಮಾತ್ರ. ಕಂಪ್ರೆಸರ್ ಓಡುತ್ತಲೇ ಇದ್ದರೂ ಒಂದೂವರೆ ನಿಮಿಷ ಹೊಡೆದು ಎರಡು ನಿಮಿಷ ಕಾಯಬೇಕಾಗುತ್ತದೆ, ಮೋಟಾರಿಗೆ ಬಿಡುವೂ ಸಿಗುವುದಿಲ್ಲ.

ಹಾಗೆಂದು 5 ಎಚ್‌ಪಿ ಕಂಪ್ರೆಸರ್ ಕೊಂಡು ಬೆಸ್ಕಾಂನಿಂದ ತ್ರೀ ಫೇಸ್ ಹಾಕಿಸಿಕೊಳ್ಳಬೇಕಾಗಿಲ್ಲ. ಲೇತ್ ಅಂಗಡಿಯಲ್ಲಿ 2 ಮಿಲಿಮೀಟರ್ ರಂಧ್ರದ ಜೆಟ್ ಮಾಡಿಸಿ ಹಾಕಿ. ಗಾಳಿಯ ಖರ್ಚು ರಂಧ್ರದ ಅಡ್ಡಳತೆಯ ವರ್ಗದಂತೆ ಏರಿಳಿಯುವುದರಿಂದ ಅದು 7 ಸಿಎಫ್‌ಎಂ ಒಳಗೆ ಬಂದು ನಿಮ್ಮ ಕಂಪ್ರೆಸರಿಗೆ ಸರಿಹೊಂದುತ್ತದೆ. ಒಮ್ಮೆಗೆ ಬಿಳಿಯಾಗುವ ಜಾಗ ಹೆಬ್ಬೆರಳ ಉಗುರಿನಷ್ಟೇ ಇರುತ್ತದೆ, ಕೆಲಸ ನಿಧಾನ. ಆದರೆ ಬ್ರಾಕೆಟ್‌ಗಳಿಗೆ ಅದು ಧಾರಾಳವಾಗಿ ಸಾಕು. ನಾಝಲ್ ಸವೆತವನ್ನೂ ಗಮನದಲ್ಲಿಡಿ. ಪುಡಿ ಹಾದುಹೋಗುವ ಸೆರಾಮಿಕ್ ನಾಝಲ್ ಸವೆದು ಅಗಲವಾದಂತೆ ಧಾರೆ ಹರಡಿ ಬಲ ಕುಂದುತ್ತದೆ, ಆದ್ದರಿಂದ ಎರಡು ಮೂರು ನಾಝಲ್ ಮೊದಲೇ ತಂದಿಟ್ಟುಕೊಳ್ಳಿ. ಗಾಳಿ ಶೇಖರಿಸಲೆಂದು ಹಳೆಯ ಗ್ಯಾಸ್ ಸಿಲಿಂಡರನ್ನು ಮಾತ್ರ ಎಂದೂ ಜೋಡಿಸಬೇಡಿ.

ಉತ್ತರ: ಬಂಗಾರಪೇಟೆಯ ಓದುಗ (ಕೋಲಾರ)

ಮೇಲಿನವರು ಎಂ-ಸ್ಯಾಂಡಿನ ಪ್ರಶ್ನೆಗೆ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ದಯವಿಟ್ಟು ಬೇಡ. ಹೊಳೆಯ ಮರಳೂ ಬೇಡ, ಎಂ-ಸ್ಯಾಂಡೂ ಬೇಡ. ಹೊಳೆಯ ಮರಳಿನ ಬಹುಪಾಲು ಬೆಣಚುಕಲ್ಲೇ. ಎಂ-ಸ್ಯಾಂಡ್ ನಮ್ಮ ಸೀಮೆಯ ಗ್ರಾನೈಟನ್ನು ಒಡೆದ ಪುಡಿ, ಅದರಲ್ಲೂ ಕಾಲುಭಾಗದ ಆಸುಪಾಸು ಬೆಣಚು ಇರುತ್ತದೆ. ಬೆಣಚೆಂದರೆ ಹರಳುಗಟ್ಟಿದ ಸಿಲಿಕಾ. ಅದು ಕಬ್ಬಿಣಕ್ಕೆ ಬಡಿದ ಕೂಡಲೇ ಒಡೆದು, ಕಣ್ಣಿಗೆ ಕಾಣದಷ್ಟು ಸಣ್ಣ ದೂಳಾಗುತ್ತದೆ. 10 ಮೈಕ್ರಾನಿಗಿಂತ ಸಣ್ಣ ಕಣಗಳು ಮೂಗಿನಲ್ಲೂ ಗಂಟಲಲ್ಲೂ ನಿಲ್ಲದೆ ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲಿ ಗಾಯದ ಕಲೆ ಕಟ್ಟುತ್ತವೆ. ಆ ಕಲೆ ಮತ್ತೆ ಮಾಯುವುದಿಲ್ಲ. ಅದನ್ನೇ ಸಿಲಿಕೋಸಿಸ್ ಎನ್ನುತ್ತಾರೆ.

ಕೆಜಿಎಫ್ ಗಣಿಗಳು 2001ರಲ್ಲಿ ಮುಚ್ಚಿದರೂ ಆ ಕಾಯಿಲೆಯ ಹೆಸರು ನಮ್ಮ ಜಿಲ್ಲೆಯ ಹಿರಿಯರಿಗೆ ಇಂದಿಗೂ ನೆನಪಿದೆ. ನಮ್ಮ ದೊಡ್ಡಪ್ಪ ಗಣಿಯವರಲ್ಲ, ಒಂದು ಕ್ವಾರಿಯಲ್ಲಿ ಹತ್ತೊಂಬತ್ತು ವರ್ಷ ಕಲ್ಲುಚಪ್ಪಡಿ ಸೀಳಿದವರು. ನಲವತ್ತೇಳನೆಯ ವಯಸ್ಸಿಗೆ ಅವರು ಜಗಲಿಯ ಮೂರು ಮೆಟ್ಟಿಲು ಹತ್ತಿ ನಿಂತು ಸುಧಾರಿಸಿಕೊಳ್ಳುತ್ತಿದ್ದರು. ಮಲಗಿದರೆ ಉಸಿರು ಕಟ್ಟುತ್ತದೆಂದು ರಾತ್ರಿಯೆಲ್ಲ ಗೋಡೆಗೆ ದಿಂಬು ಒರಗಿಸಿ ಕೂತೇ ಇರುತ್ತಿದ್ದರು. ಮೊದಲು ಕ್ಷಯವೆಂದುಕೊಂಡು ಎಷ್ಟೋ ತಿಂಗಳು ಮಾತ್ರೆ ನುಂಗಿದರು. ಬ್ರಿಟನ್ನಿನಲ್ಲಿ 1949ರ ನಿಯಮದಿಂದಲೇ ಎರಕದ ಸಾಮಾನುಗಳನ್ನು ಮರಳಿನಿಂದ ಬ್ಲಾಸ್ಟ್ ಮಾಡುವುದನ್ನು ನಿಷೇಧಿಸಿದರು. ನಮ್ಮ 1948ರ ಕಾರ್ಖಾನೆ ಕಾಯಿದೆಯಲ್ಲೂ ಸಿಲಿಕೋಸಿಸ್ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿತ್ತು. ಮನೆಯ ಶೆಡ್ಡಿಗೆ ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲವಾದ್ದರಿಂದ ಆ ಎಚ್ಚರವನ್ನು ನಾವೇ ವಹಿಸಬೇಕು.

ಮರಳಲ್ಲದ ಪುಡಿ ಬಳಸಿದರೂ ಹಾರುವ ದೂಳಿನಲ್ಲಿ ಹಳೆಯ ಪೇಂಟ್ ಇರುತ್ತದೆ. ಆ ಕಾಲದ ಪೇಂಟುಗಳಲ್ಲಿ ಸೀಸ ಸಾಮಾನ್ಯವಾಗಿತ್ತು, ಬ್ರೇಕ್ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಬ್ರೇಕ್ ಶೂಗಳನ್ನು ಈ ಪೆಟ್ಟಿಗೆಗೆ ಹಾಕಲೇಬೇಡಿ. ಡ್ರಮ್‌ಗಳನ್ನು ಒಣದಾಗಿ ಊದದೆ ಒದ್ದೆ ಬಟ್ಟೆಯಿಂದ ಒರೆಸಿ, ತೊಳೆದು, ಅನಂತರ ಹಾಕಿ. ಪೆಟ್ಟಿಗೆ ಎಷ್ಟೇ ಬಿಗಿಯಾಗಿದ್ದರೂ ಕನಿಷ್ಠ ಎನ್95 ಮಾಸ್ಕ್, ಸಾಧ್ಯವಾದರೆ ಫಿಲ್ಟರ್ ಬದಲಿಸುವ ರಬ್ಬರಿನ ಮಾಸ್ಕ್ ಧರಿಸಿ. ಮುಗಿದೊಡನೆ ಬಾಗಿಲು ತೆಗೆಯದೆ, ಒಳಗಿನ ಮಬ್ಬನ್ನು ಪೆಟ್ಟಿಗೆಗೆ ಜೋಡಿಸಿದ ವ್ಯಾಕ್ಯೂಮ್ ಕ್ಲೀನರ್ ಎಳೆದುಕೊಳ್ಳುವವರೆಗೆ ಒಂದು ನಿಮಿಷ ಕಾಯಿರಿ.

ಪದ್ಮಿನಿಪ್ರಿಯ (ಕ್ಯಾತ್ಸಂದ್ರ, ತುಮಕೂರು)

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ದೊಡ್ಡಪ್ಪನವರ ವಿಷಯ ಓದಿದ ಸಂಜೆಯೇ ಜರಡಿ ಹಿಡಿದಿಟ್ಟಿದ್ದ ಎಂ-ಸ್ಯಾಂಡಿನ ಮೂಟೆಯನ್ನು ಗಾರೆ ಕೆಲಸದವರಿಗೆ ಕೊಟ್ಟುಬಿಟ್ಟೆ. ಬ್ಯಾರೆಲ್ ಯೋಚನೆಯನ್ನೂ ಕೈಬಿಟ್ಟಿದ್ದೇನೆ. ಹಾಗಾದರೆ ಯಾವ ಪುಡಿ ತರಬೇಕು? ಕಾರ್ಬುರೇಟರನ್ನೂ ಕೆಲವು ಅಲ್ಯುಮಿನಿಯಂ ಕವಚಗಳನ್ನೂ ಇದರಲ್ಲೇ ಮಾಡಬಹುದೇ?

ಉತ್ತರ: ಹಳೆಗಾಡಿ ಗ್ಯಾರೇಜ್ (ಗೌರಿಬಿದನೂರು, ಚಿಕ್ಕಬಳ್ಳಾಪುರ)

ಕಬ್ಬಿಣದ ತುಕ್ಕಿಗೆ 80 ಮೆಷ್ (ಜರಡಿಯ ಒಂದು ಇಂಚಿಗೆ 80 ಕಣ್ಣು) ಬ್ರೌನ್ ಅಲ್ಯುಮಿನಿಯಂ ಆಕ್ಸೈಡ್ ತನ್ನಿ. ಗಡಸುತನದ ಮೋಸ್ ಮಾಪಕದಲ್ಲಿ ಅದು ವಜ್ರಕ್ಕಿಂತ ಒಂದೇ ಮೆಟ್ಟಿಲು ಕೆಳಗಿದೆ, ಮತ್ತೆ ಮತ್ತೆ ಬಳಸಿದರೂ ಬೇಗ ಪುಡಿಯಾಗುವುದಿಲ್ಲ. ಅದು ದುಬಾರಿಯೆನಿಸಿದರೆ ಗಾರ್ನೆಟ್ ಎಂಬ ಗಡಸು ಖನಿಜದ ಪುಡಿ ಆಗುತ್ತದೆ. ಅಲ್ಯುಮಿನಿಯಂ ಕವಚಗಳಿಗೆ ಗ್ಲಾಸ್ ಬೀಡ್ಸ್ ಬೇಕು. ದುಂಡಗಿನ ಗಾಜಿನ ಮಣಿಗಳಾದ್ದರಿಂದ ಅವು ಲೋಹವನ್ನು ಕೆರೆಯದೆ ಕೊಳೆಯನ್ನು ಮಾತ್ರ ತಟ್ಟಿ ತೆಗೆದು, ರೇಷ್ಮೆಯಂತಹ ಮಂದ ಹೊಳಪು ಕೊಡುತ್ತವೆ. ಎರಡೂ ಪೀಣ್ಯದ ಕಡೆ 25 ಕೆಜಿ ಚೀಲಗಳಲ್ಲಿ ದೊರೆಯುತ್ತವೆ. ಉಕ್ಕಿನ ಗ್ರಿಟ್ಟನ್ನು ಅಲ್ಯುಮಿನಿಯಂ ಮೇಲೆ ಬಳಸಿದರೆ ಕಬ್ಬಿಣದ ಕಣಗಳು ಅದರಲ್ಲಿ ಹೂತು, ಮಳೆಗಾಲದಲ್ಲಿ ಕೆಂಪು ಚುಕ್ಕೆಗಳಾಗಿ ಏಳುತ್ತವೆ.

ಇಲ್ಲಿ ಬಹಳ ಜನ ಗಮನಿಸದ ಒಂದು ಅಪಾಯವಿದೆ. ತುಕ್ಕಿನ ಪುಡಿಯೂ ಅಲ್ಯುಮಿನಿಯಂ ಲೋಹದ ನುಣ್ಣನೆಯ ದೂಳೂ ಬೆರೆತರೆ, ರೈಲು ಹಳಿ ಬೆಸೆಯಲು ಬಳಸುವ, ಹೊತ್ತಿಕೊಂಡರೆ ವಿಪರೀತ ಬಿಸಿಯಾಗಿ ಉರಿಯುವ ಥರ್ಮೈಟ್ ಮಿಶ್ರಣದ ಜಾತಿಗೇ ಸೇರುತ್ತದೆ. ನೀವು ಕೊಳ್ಳುವ ಆಕ್ಸೈಡ್ ಪುಡಿಯಿಂದ ಈ ಭಯವಿಲ್ಲ, ಭಯವಿರುವುದು ಭಾಗಗಳಿಂದ ಉದುರುವ ಲೋಹದಿಂದ. ಆದ್ದರಿಂದ ಕಬ್ಬಿಣದ ಕೆಲಸದಿಂದ ಅಲ್ಯುಮಿನಿಯಂ ಕೆಲಸಕ್ಕೆ ಹೋಗುವ ಮುನ್ನ ಪೆಟ್ಟಿಗೆಯನ್ನೂ ವ್ಯಾಕ್ಯೂಮ್ ಚೀಲವನ್ನೂ ಪೂರ್ತಿ ಖಾಲಿ ಮಾಡಿ. ಗನ್ನಿನಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಅರ್ಥಿಂಗಿಗೆ ತಾಮ್ರದ ತಂತಿ ಎಳೆಯಿರಿ. ಒಣ ಪುಡಿ ರಬ್ಬರು ಪೈಪಿನಲ್ಲಿ ಉಜ್ಜಿಕೊಂಡು ಹರಿಯುವಾಗ ಹುಟ್ಟುವ ಸ್ಥಾಯಿ ವಿದ್ಯುತ್ ಕೈಗೆ ಚುರುಕ್ಕೆನ್ನಿಸುವಷ್ಟು ಇರುತ್ತದೆ.

ಕಾರ್ಬುರೇಟರ್ ಬಾಡಿಯನ್ನು ನಾನು ಬ್ಲಾಸ್ಟ್ ಮಾಡುವುದಿಲ್ಲ. ಅದರ ಒಳದಾರಿಗಳು ಸೂಜಿ ಹೋಗದಷ್ಟು ಕಿರಿದು. ಒಂದೇ ಒಂದು ಮಣಿ ಸಿಕ್ಕಿಕೊಂಡರೂ ಎಂಜಿನ್ ಐಡಲ್ ನಿಲ್ಲದೆ ತಿಂಗಳುಗಟ್ಟಲೆ ತಲೆ ತಿನ್ನುತ್ತದೆ. ಅದನ್ನು ಕ್ಲೀನರಿನಲ್ಲಿ ನೆನೆಸಿ ತೊಳೆಯುವುದೇ ಸರಿ. ಆಯಿಲ್ ಹರಿಯುವ ದಾರಿಯಿರುವ ಯಾವ ಎಂಜಿನ್ ಭಾಗಕ್ಕೂ ಇದೇ ಮಾತು. ಉಳಿದ ಭಾಗಗಳಲ್ಲಿ ಥ್ರೆಡ್ ಇರುವ ತೂತುಗಳಿಗೆ ಹಳೆಯ ಬೋಲ್ಟ್ ತಿರುಗಿಸಿ, ಬೇರಿಂಗ್ ಕೂರುವ ಜಾಗಕ್ಕೆ ಟ್ಯೂಬ್ ರಬ್ಬರು ಕಟ್ಟಿ. ಎಲ್ಲಕ್ಕೂ ಮೊದಲು ಸೀಮೆಎಣ್ಣೆಯಲ್ಲಿ ಜಿಡ್ಡು ತೊಳೆದು ಒಣಗಿಸಿ. ಜಿಡ್ಡಿನ ಒಂದು ಆರ್ಮ್ ಒಳಗೆ ಹೋದರೆ ಇಡೀ ಚೀಲದ ಪುಡಿ ಕೆಡುತ್ತದೆ.

ನಿಮ್ಮ ಬಾನೆಟ್ ಬಗ್ಗೆ ಓದಿ ಬೇಸರವಾಯಿತು. ಅದು ಅಲೆಯಾದದ್ದಕ್ಕೆ ಬಿಸಿಗಿಂತಲೂ ಏಟೇ ಹೆಚ್ಚಿನ ಕಾರಣ. ಲಕ್ಷಾಂತರ ಕಣಗಳು ತೆಳು ತಗಡಿನ ಒಂದೇ ಮುಖಕ್ಕೆ ಸುತ್ತಿಗೆಯಂತೆ ಬಡಿದಾಗ ಆ ಮುಖ ಹಿಗ್ಗುತ್ತದೆ, ಹಿಂದಿನ ಮುಖ ಹಿಗ್ಗುವುದಿಲ್ಲ, ಆದ್ದರಿಂದ ತಗಡು ಬಾಗುತ್ತದೆ. ಬಾಗಿಲು, ಬಾನೆಟ್, ಡಿಕ್ಕಿಗಳಿಗೆ ಪೇಂಟ್ ರಿಮೂವರನ್ನೇ ಬಳಸಿ. ಅಂಚುಗಳಿಗೆ ಮಾತ್ರ 40 ಪಿಎಸ್‌ಐ ಒಳಗೆ, ಓರೆಯಾಗಿ, ದೂರದಿಂದ ಹೊಡೆಯಬಹುದು.

ಕಿಟಕಿಗೆ ಅಕ್ರಿಲಿಕ್ ಹಾಕಬೇಡಿ, ಒಂದೇ ದಿನದಲ್ಲಿ ಮಂಜು ಕವಿದಂತಾಗುತ್ತದೆ. 5 ಮಿಲಿಮೀಟರ್ ಟಫನ್ಡ್ ಗಾಜು ಹಾಕಿ, ಅದರ ಒಳಬದಿಗೆ 2 ಮಿಲಿಮೀಟರಿನ ಸಾದಾ ಗಾಜನ್ನು ಜಾರಿಸಿ ತೆಗೆಯುವಂತೆ ಕೂರಿಸಿ, ಮಬ್ಬಾದಾಗ ಅದನ್ನಷ್ಟೇ ಬದಲಿಸಿ.

ಪದ್ಮಿನಿಪ್ರಿಯ (ಕ್ಯಾತ್ಸಂದ್ರ, ತುಮಕೂರು), ಐದು ವಾರಗಳ ನಂತರ

ಪೆಟ್ಟಿಗೆ ಸಿದ್ಧವಾಯಿತು. 2 ಮಿಲಿಮೀಟರ್ ಜೆಟ್ಟನ್ನು ಹಿತ್ತಾಳೆಯಲ್ಲಿ ಮಾಡಿಸಿದೆ. ಕೈ ತೂತುಗಳಿಗೆ ಆರಿಂಚಿನ ಪಿವಿಸಿ ಪೈಪಿನ ಬಳೆ ಕೂರಿಸಿ, ಉದ್ದ ತೋಳಿನ ರಬ್ಬರು ಗ್ಲೌಸನ್ನು ಹೋಸ್ ಕ್ಲಿಪ್ಪಿನಿಂದ ಬಿಗಿದಿದ್ದೇನೆ. ಬ್ಯಾಟರಿ ಟ್ರೇಯ ಬ್ರಾಕೆಟ್ಟನ್ನು ಮೊದಲು ಹಾಕಿದೆ. ಹದಿನೈದು ನಿಮಿಷದಲ್ಲಿ ಅದು ಬೂದಿಬಣ್ಣಕ್ಕೆ ತಿರುಗಿ, ಗುಳಿಗಳ ತಳದವರೆಗೂ ತುಕ್ಕಿಲ್ಲದ ಲೋಹ ಕಂಡಾಗ, ಪಕ್ಕದಲ್ಲಿ ನಿಂತಿದ್ದ ನಮ್ಮ ತಂದೆಯವರು ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು.

ಆದರೆ ಅರ್ಧ ಗಂಟೆಯಾಗುತ್ತಲೇ ಗನ್ ಉಗುಳತೊಡಗುತ್ತದೆ, ಪುಡಿ ಮುದ್ದೆಯಾಗಿ ನಾಝಲ್ ಕಟ್ಟಿಕೊಳ್ಳುತ್ತದೆ. ಕಂಪ್ರೆಸರಿನ ಬಾಯಿಗೇ ವಾಟರ್ ಸೆಪರೇಟರ್ ಹಾಕಿದ್ದೇನೆ, ಆದರೂ ಹೀಗಾಗುತ್ತಿದೆ. ಅಲ್ಲದೆ ಸಂಜೆ ಮಾಡಿಟ್ಟ ಬ್ರಾಕೆಟ್ ಬೆಳಗಾಗುವಷ್ಟರಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು, ಅದರ ಮೇಲೆ ನಮ್ಮ ಬೆರಳ ಗುರುತುಗಳು ಎದ್ದು ಕಾಣುತ್ತಿದ್ದವು.

ಉತ್ತರ: ಕಬ್ಬಿಣದ ಕೆಲಸ (ಹಿರೇಹಳ್ಳಿ, ತುಮಕೂರು)

ಸೆಪರೇಟರ್ ಇರುವ ಜಾಗವೇ ತಪ್ಪು, ಸರ್. ಕಂಪ್ರೆಸರಿನಿಂದ ಹೊರಬರುವ ಗಾಳಿ ಬಿಸಿಯಾಗಿರುವುದರಿಂದ ನೀರು ಆವಿಯ ರೂಪದಲ್ಲೇ ಸೆಪರೇಟರನ್ನು ದಾಟಿ ಹೋಗಿ, ಮುಂದೆ ಪೈಪಿನಲ್ಲಿ ತಣ್ಣಗಾದ ಮೇಲೆ ಹನಿಯಾಗುತ್ತದೆ. ಶೆಡ್ಡಿನ ಗೋಡೆಗುಂಟ ಇಪ್ಪತ್ತೈದು ಅಡಿ ಜಿಐ ಪೈಪ್ ಎಳೆದು, ಸ್ವಲ್ಪ ಇಳಿಜಾರು ಕೊಟ್ಟು, ತಗ್ಗಿನ ತುದಿಯಲ್ಲಿ ನೆಲದ ಕಡೆಗೆ ಒಂದು ಅಡಿ ಪೈಪ್ ಇಳಿಸಿ ಅದರ ಕೆಳಗೆ ಕಾಕ್ ಹಾಕಿ. ಗನ್ನಿಗೆ ಹೋಗುವ ಗಾಳಿಯನ್ನು ಮುಖ್ಯ ಪೈಪಿನ ಮೇಲ್ಭಾಗದಿಂದ ತೆಗೆದು, ಸೆಪರೇಟರನ್ನು ಪೆಟ್ಟಿಗೆಯ ಹತ್ತಿರ ಕೂರಿಸಿ. ಈಗ ಮುಂಗಾರಿನ ತೇವವೂ ಸೇರಿರುವುದರಿಂದ ಟ್ಯಾಂಕಿನ ತಳದ ಕಾಕನ್ನು ಪ್ರತಿದಿನ ತೆರೆದು ನೀರು ಬಿಡಬೇಕು.

ಬ್ಲಾಸ್ಟ್ ಆದ ಲೋಹವನ್ನು ಬರಿಗೈಯಲ್ಲಿ ಮುಟ್ಟಬಾರದು, ರಾತ್ರಿಯಿಡೀ ಇಡಲೂಬಾರದು. ಒಣ ಗಾಳಿಯಿಂದ ಊದಿ, ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೆದುಬಿಡಿ. ಕಿತ್ತಳೆ ಬಣ್ಣ ಬಂದಿರುವ ಬ್ರಾಕೆಟ್ಟಿಗೆ ಇನ್ನೊಮ್ಮೆ ಎರಡು ನಿಮಿಷ ಹೊಡೆದರೆ ಸಾಕು. ಮುದ್ದೆಯಾದ ಪುಡಿಯನ್ನು ಎಸೆಯಬೇಕಾಗಿಲ್ಲ. ತಗಡಿನ ಮೇಲೆ ತೆಳುವಾಗಿ ಹರಡಿ ಬಿಸಿಲಿಗೆ ಒಣಗಿಸಿ, ಮಾಸ್ಕ್ ಹಾಕಿಕೊಂಡು ಜರಡಿ ಹಿಡಿದು ಮತ್ತೆ ಹಾಪರಿಗೆ ಸುರಿಯಿರಿ.