ಹಳೆಮನೆ ಬಳಗದಲ್ಲಿ ನೊಬೆಲ್ ಗಲಾಟೆ

ನಮ್ಮ ಸಕಲೇಶಪುರದ ಮನೆ ಗ್ರೂಪಿಂದ, ಭಾನುವಾರ ಬೆಳಿಗ್ಗೆ. ಹೆಸರು ಬದಲಾಯಿಸಿದ್ದೀನಿ, ಮಾತು ಬದಲಾಯಿಸಿಲ್ಲ.

ದೊಡ್ಡಪ್ಪ: (ಅನೇಕ ಬಾರಿ ಫಾರ್ವರ್ಡ್ ಆಗಿದೆ) ಚಂದ್ರಯಾನ-3ಕ್ಕೆ ನೊಬೆಲ್! ಶತಮಾನದ ಅತಿ ದೊಡ್ಡ ಆವಿಷ್ಕಾರ!! ಕಂಟ್ರೋಲ್ ಮಾಡಿದ್ದು ನಮ್ಮ ಹಾಸನದಿಂದ. ಹೆಮ್ಮೆಯಿದ್ದರೆ 10 ಜನಕ್ಕೆ ಕಳಿಸಿ 🙏

ಲತತ್ತೆ: 👏👏 ಶುಭೋದಯ

ಪ್ರದೀಪ: ದೊಡ್ಡಪ್ಪ, ಯಾವ ಪೇಪರಲ್ಲಿ ಬಂದಿದೆ? ಭೌತಶಾಸ್ತ್ರದ ನೊಬೆಲ್ ಸಂಸ್ಥೆಗೆ ಕೊಡಲ್ಲ, ಹೆಚ್ಚೆಂದ್ರೆ 3 ಜನಕ್ಕೆ. ಚಂದ್ರಯಾನ ನೋಡ್ಕೊಂಡಿದ್ದು ಬೆಂಗಳೂರಿಂದ. ಹಾಸನದಲ್ಲಿರೋ ಎಂಸಿಎಫ್, ಅಂದ್ರೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರದೋರು ನೋಡ್ಕೊಳ್ಳೋದು ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನ. ಪ್ರಗ್ಯಾನ್ ರೋವರ್ ಚಂದ್ರನ ದಕ್ಷಿಣ ಧ್ರುವದ ಹತ್ರ ಗಂಧಕ ಪತ್ತೆ ಮಾಡ್ತಲ್ಲ, ಅದು ನಿಜವಾದ ಸುದ್ದಿ. ಅದನ್ನ ಒಬ್ರೂ ಫಾರ್ವರ್ಡ್ ಮಾಡ್ಲಿಲ್ಲ.

ದೊಡ್ಡಪ್ಪ: ಎಂಸಿಎಫ್ ಶುರುವಾದಾಗ ನೀನಿನ್ನೂ ಹುಟ್ಟಿರ್ಲಿಲ್ಲ ಕಣೋ.

ಪ್ರದೀಪ: 1982. ಹುಟ್ಟಿರ್ಲಿಲ್ಲ, ಒಪ್ಕೊಂಡೆ. ಪೇಪರ್ ಯಾವ್ದು?

ಶ್ವೇತಾ: ನನ್ನ ಕೇಳಿದ್ರೆ ಕೋವಿಡ್‌ಗೆ ಬಂದ ಎಂಆರ್‌ಎನ್‌ಎ ಲಸಿಕೆನೇ ದೊಡ್ಡದು. ಎಂಆರ್‌ಎನ್‌ಎ ಅಂದ್ರೆ ಜೀವಕೋಶಕ್ಕೆ ಪ್ರೋಟೀನ್ ಮಾಡು ಅಂತ ಹೇಳೋ ಚೀಟಿ. ಅದರ ಮೇಲೆ ಕೆಲಸ ಮಾಡ್ತಿದ್ದ ವಿಜ್ಞಾನಿ ಕಾರಿಕೊಗೆ ವರ್ಷಗಟ್ಲೆ ಯಾರೂ ದುಡ್ಡು ಕೊಡ್ಲಿಲ್ಲ. 2005ರಲ್ಲಿ ವೈಸ್‌ಮನ್ ಜೊತೆ ಸೇರಿ ಆರ್‌ಎನ್‌ಎಯ ಒಂದು ಅಕ್ಷರ ಬದಲಾಯಿಸಿ, ದೇಹ ಅದರ ಮೇಲೆ ಎಗರಿಬೀಳದ ಹಾಗೆ ಮಾಡಿದ್ರು. ನೊಬೆಲ್ ಬಂದಿದ್ದು 2023ಕ್ಕೆ.

ಲತತ್ತೆ: ಹೌದಮ್ಮ, ನಾನು ಉಳ್ಕೊಂಡಿದ್ದೇ ಅದ್ರಿಂದ.

ಪ್ರದೀಪ: ಅತ್ತೆ, ನಿಮಗೆ ಹಾಕಿದ್ದು ಕೋವಿಶೀಲ್ಡ್. ಅದು ಎಂಆರ್‌ಎನ್‌ಎ ಅಲ್ಲ.

ಲತತ್ತೆ: ಸೂಜಿ ಚುಚ್ಚಿಸ್ಕೊಂಡಿದ್ದು ನಾನೋ ನೀನೋ?

ಶ್ವೇತಾ: ಲಸಿಕೆ ಹಾಕಿಸ್ಕೊಂಡ್ರೆ ತೋಳಿಗೆ ಚಮಚ ಅಂಟ್ಕೊಳ್ಳತ್ತೆ ಅಂತ ಇದೇ ಗ್ರೂಪಲ್ಲಿ ವಿಡಿಯೊ ಹಾಕಿದ್ದು ಯಾರು? 😇

ದೊಡ್ಡಪ್ಪ: (ಈ ಸಂದೇಶವನ್ನು ಅಳಿಸಲಾಗಿದೆ)

ದೊಡ್ಡಪ್ಪ: ವಿದ್ಯೆ ಜೊತೆಗೆ ವಿನಯನೂ ಬರ್ಬೇಕು. ನಮ್ಮ ಕಾಲದಲ್ಲಿ ದೊಡ್ಡೋರ ಎದುರು ತಲೆ ಎತ್ತುತ್ತಿರ್ಲಿಲ್ಲ.

(ಇಲ್ಲಿ ಐದು ನಿಮಿಷ ಎಲ್ಲರದೂ ಟೈಪಿಂಗ್, ಒಬ್ಬರದೂ ಮೆಸೇಜ್ ಇಲ್ಲ.)

ಮಂಜು ಚಿಕ್ಕಪ್ಪ: ಎತ್ತುತ್ತಿರ್ಲಿಲ್ವಾ ಅಣ್ಣ? 1980 ಫೆಬ್ರುವರಿ 16, ಗ್ರಹಣ. ಕಣದ ತುಂಬ ಕಾಫಿ ಹರವಿತ್ತು. ಅಮ್ಮ ನಮ್ಮನ್ನೆಲ್ಲ ನಡುಮನೆಗೆ ಕೂಡಿ, ಉಪ್ಪಿನಕಾಯಿ ಜಾಡಿಗೂ ಗರಿಕೆ ಹಾಕಿದ್ರು. ನೀನೊಬ್ಬ ಹಿತ್ಲು ಬಾಗ್ಲಿಂದ ಹಾರಿ, ಎಕ್ಸ್‌ರೇ ಫಿಲ್ಮ್ ಹಿಡ್ಕೊಂಡು ಸೂರ್ಯನ್ನ ನೋಡ್ತಾ ನಿಂತಿದ್ದೆ. ಕಾಫಿ ಕೆದಕೋ ಕೋಲಲ್ಲೇ ಬಿತ್ತಲ್ಲ 😂

ಪ್ರದೀಪ: ಎಕ್ಸ್‌ರೇ ಫಿಲ್ಮಲ್ಲಿ ನೋಡಿದ್ರೆ ಕಣ್ಣು ಹೋಗತ್ತೆ.

ದೊಡ್ಡಪ್ಪ: ಇನ್ನೂ ಹೋಗಿಲ್ಲ. ತೆಳ್ಳಗೆ ಒಂದು ಚೂರು ಮಾತ್ರ ಉಳಿದಿತ್ತು ಕಣೋ, ಬಾಳೆಕಾಯಿ ಚಿಪ್ಸಿನ ತುಂಡಿನ ಹಾಗೆ.

ಲತತ್ತೆ: ಆ ಎಕ್ಸ್‌ರೇ ನಂದು. ಕೈ ಮುರ್ಕೊಂಡಾಗಿಂದು. ಇವತ್ತಿನವರೆಗೂ ವಾಪಸ್ ಬಂದಿಲ್ಲ.

ದೊಡ್ಡಪ್ಪ: ಅಟ್ಟದ ಮೇಲಿದೆ. ಬಂದು ತಗೊಂಡು ಹೋಗು.

ಲತತ್ತೆ: ಬರ್ತೀನಿ. ಹಂಗೇ ಅಮ್ಮನ ಕಾಫಿ ಹುರಿಯೋ ಡ್ರಮ್ಮೂ ಕೆಳಗಿಳಿಸಿಡು.